ಕಾಲೂರದ ಬೆಳಗು

ಎಣ್ಣೆಗಾಣದ ಬೀದಿಯ ಮೂಡಣ ತುದಿಯಲ್ಲಿರುವ ಮೆಟ್ಟುಗಲ್ಲಿನ ಮೇಲೆ ಎಡಗಾಲಿನ ಒಂದು ಚಪ್ಪಲಿ ಇದೆ. ಕಂದು ತೊಗಲಿನದು, ಉಂಗುಟ ಸವೆದಿದೆ, ಹಿಮ್ಮಡಿಯ ಭಾಗ ಜಿಡ್ಡು ಕುಡಿದು ಕಪ್ಪಾಗಿದೆ. ಅದನ್ನು ಎತ್ತಲು ಊರಿನ ಗಟ್ಟಿಗರೆಲ್ಲ ಸರದಿಯ ಮೇಲೆ ಬಂದು ನೋಡಿದ್ದಾರೆ. ಹಾರೆ ಹಾಕಿ ಮೀಟಿದವರೂ ಉಂಟು. ಅದು ಕದಲಲಿಲ್ಲ. ಆ ಚಪ್ಪಲಿ ನನ್ನ ಅಕ್ಕ ವಾರಿಜಳದು. ನಾನು ಸೈಕಲ್ ತುಳಿದು ಕೆಲಸಕ್ಕೆ ಹೋಗತೊಡಗಿದ ಇಪ್ಪತ್ತಮೂರನೆಯ ದಿನ ಅದು ಅಲ್ಲಿ ಉಳಿಯಿತು.

ನಮ್ಮ ಊರಿನಲ್ಲಿ ಸೂರ್ಯ ಹುಟ್ಟುವುದಕ್ಕೂ ಗಂಟೆ ಒಂಬತ್ತಾಗುವುದಕ್ಕೂ ನಡುವೆ ಯಾವಾಗಲೋ ಒಮ್ಮೆ ಕೋಟೆಯ ಬುರುಜಿನಿಂದ ಕೊಂಬು ಊದುತ್ತದೆ. ಒಂದೇ ಒಂದು ದೀರ್ಘ ಉಸಿರಿನಷ್ಟು. ಆ ಕ್ಷಣಕ್ಕೆ ಯಾರ ಕಾಲು ಯಾವ ಬೀದಿಯಲ್ಲಿ ಊರಿರುತ್ತದೋ ಆ ಬೀದಿ ಅವರನ್ನು ಸಂಜೆ ದೀಪ ಹಚ್ಚುವವರೆಗೆ ಹಿಡಿದುಕೊಳ್ಳುತ್ತದೆ. ಹಿಡಿದ ಬೀದಿಯನ್ನು ದಾಟಲು ಹೋದರೆ ಪಾದ ನೆಲ ಬಿಟ್ಟು ಏಳುವುದಿಲ್ಲ. ಇದಕ್ಕೆ ಜನ ಒಗ್ಗಿಹೋಗಿದ್ದಾರೆ. ಕಚೇರಿಗಳ ಹಾಜರಿ ಪುಸ್ತಕದಲ್ಲಿ ‘ಬೀದಿ ಹಿಡಿದ ರಜೆ’ ಎಂಬ ಬೇರೆಯೇ ಅಂಕಣವಿದೆ. ನೆಂಟರಿಷ್ಟರ ಮನೆಗಳಲ್ಲಿ ಪ್ರತಿಯೊಬ್ಬರದೂ ಒಂದೊಂದು ಊಟದ ತಟ್ಟೆ ಇರುತ್ತದೆ. ಕುಂಬಾರರ ಬೀದಿಯಲ್ಲಿ ಸಿಕ್ಕಿಬಿದ್ದ ಕ್ಷೌರಿಕ ಅಂದು ಕುಂಬಾರರ ಗಡ್ಡ ಹೆರೆಯುತ್ತಾನೆ. ಆದರೆ ನಮ್ಮ ಮನೆಯಾಗಲಿ ಕೆಲಸವಾಗಲಿ ಇಲ್ಲದ ಒಂದೇ ಬೀದಿ ಮೂರು ಸಲ ಹಿಡಿಯಿತೆಂದರೆ ಮುಗಿಯಿತು. ಆಮೇಲೆ ಸಂಜೆಯ ದೀಪಕ್ಕೂ ಅದು ಬಿಡುವುದಿಲ್ಲ. ಅಂಥವರನ್ನು ‘ಊರಿದವರು’ ಎನ್ನುತ್ತೇವೆ. ಅವರ ಕಾಲ ಕೆಳಗೆ ಬೀದಿ ಪ್ರತಿದಿನವೂ ಕೊಂಬಿನೊಂದಿಗೆ ತನ್ನ ಹಿಡಿತವನ್ನು ಹೊಸದಾಗಿ ಬಿಗಿಮಾಡಿಕೊಳ್ಳುತ್ತದೆ. ಕಾಲೆತ್ತಿ ಮಂಚದ ಮೇಲೆ ಮಲಗಿದವರಿದ್ದಾರೆ, ಮರದ ಕೊಂಬೆ ಹಿಡಿದು ಜೋತಾಡಿದವರಿದ್ದಾರೆ. ಮಂಚದ ಕಾಲೂ ಕಾಲೇ, ಮರದ ಬೇರೂ ಕಾಲೇ. ಬೀದಿ ಯಾರನ್ನೂ ಬಿಟ್ಟಿರಲಿಲ್ಲ.

ಅಕ್ಕ ಊರಿದವಳು. ಹನ್ನೊಂದು ವರ್ಷದ ಹಿಂದೆ, ಅವಳ ಮದುವೆಗೆ ಇಪ್ಪತ್ತು ದಿನವಿರುವಾಗ, ಒಂದು ಗಡಿಗೆ ಎಳ್ಳೆಣ್ಣೆ ತರಲು ಎಣ್ಣೆಗಾಣದ ಬೀದಿಗೆ ಹೋದಳು. ಹೋಗಬೇಕಾಗಿದ್ದವಳು ನಾನು. ತಲೆನೋವೆಂದು ಸುಳ್ಳು ಹೇಳಿ ಮುಸುಕೆಳೆದು ಮಲಗಿದ್ದೆ. ಆ ಬೀದಿ ಅವಳನ್ನು ಮೊದಲೇ ಎರಡು ಸಲ ಹಿಡಿದಿತ್ತೆಂಬುದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಮದುವೆಯಾಗಬೇಕಿದ್ದವನು ಆರು ತಿಂಗಳು ಬೀದಿಯ ಬಾಯಿಗೆ ಬಂದು ನಿಂತು ಮಾತಾಡಿಸಿ ಹೋದ, ಆಮೇಲೆ ಬರಲಿಲ್ಲ. ಅಕ್ಕ ಅಲ್ಲೇ ಗುಂಡಿ, ಲಾಡಿ, ಕಸೂತಿ ದಾರದ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಸುಲಭವಾಗುತ್ತಿತ್ತು.

ನನ್ನ ಮನೆ ಬಡಗಿ ಬೀದಿಯಲ್ಲಿ. ಕೆಲಸ ತೋಪಿನ ಬೀದಿಯ ಬೀಜದ ಉಗ್ರಾಣದಲ್ಲಿ. ಒದ್ದೆ ಗೋಣಿಬಟ್ಟೆಯ ಮಡಿಕೆಯಲ್ಲಿ ನೂರು ನೂರು ಕಾಳು ಇಟ್ಟು, ಮೊಳೆತವನ್ನೂ ಮೊಳೆಯದವನ್ನೂ ಎಣಿಸಿ ಬರೆಯುವುದು. ಎರಡರ ನಡುವೆ ಎಣ್ಣೆಗಾಣದ ಬೀದಿ. ಇಕ್ಕೆಲದಲ್ಲೂ ಹಳೆಯ ಕಂದಕವಿರುವುದರಿಂದ ಬೇರೆ ದಾರಿಯಿಲ್ಲ. ನಾನು ಹೋಗುವಾಗ ಅಕ್ಕ ಅಂಗಡಿಯ ಹಲಗೆ ತೆಗೆಯುತ್ತ, “ಇಂದೂ, ಒಂದು ನಿಮಿಷ” ಎಂದು ಕರೆಯುವಳು. ನಿಲ್ಲುವೆನು. ಹಾಗೆ ನಿಂತಿದ್ದಾಗಲೇ ಹೋದ ವರ್ಷ ಒಮ್ಮೆ ಕೊಂಬು ಊದಿತು. ನಾಲ್ಕು ತಿಂಗಳ ನಂತರ ಇನ್ನೊಮ್ಮೆ. ಆ ಎರಡನೆಯ ಸಲದ ಮಧ್ಯಾಹ್ನ ಅವಳ ಕೈಯ ಹುಳಿಯನ್ನ ಉಣ್ಣುತ್ತಿರುವಾಗ ನನ್ನೊಳಗೆ ಒಂದು ಅನುಮಾನ ಮೂಡಿತು. ಇವಳು ಬೇಕೆಂದೇ ನನ್ನನ್ನು ನಿಲ್ಲಿಸಿದಳೇ?

ಅಂದಿನಿಂದ ಏಳು ತಿಂಗಳು ನಾನು ಕತ್ತಲಿರುವಾಗಲೇ ಎದ್ದು, ಅಕ್ಕನ ಬಾಗಿಲು ತೆರೆಯುವ ಮೊದಲೇ ಆ ಬೀದಿ ದಾಟಿ, ಉಗ್ರಾಣದ ಮೆಟ್ಟಿಲ ಮೇಲೆ ಮೂರು ತಾಸು ಕುಳಿತು ಕಾಯುತ್ತಿದ್ದೆ. ಸಂಜೆ ಮರಳುವಾಗ ದೂರದಿಂದಲೇ ಕೈಯೆತ್ತಿ ಸರಸರ ನಡೆದುಬಿಡುತ್ತಿದ್ದೆ. “ನಿಲ್ಲೋದಕ್ಕೂ ಬಿಡುವಿಲ್ಲವೇನೇ” ಎಂದು ಅವಳು ಕೇಳುತ್ತಿದ್ದಳು. ನನಗೆ ನಿದ್ದೆ ಕಡಿಮೆಯಾಯಿತು. ಮೇಜಿನ ಕೆಳಗೆ ಕಾಲುಗಳು ತಾವಾಗಿ ಕುಣಿಯುತ್ತಿದ್ದವು. ಕಾಳುಗಳ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುವುದು ದಿನಚರಿಯಾಯಿತು.

ಉಗ್ರಾಣದ ಜವಾನ ಮುದ್ದಯ್ಯ ಇದನ್ನೆಲ್ಲ ನೋಡುತ್ತಿದ್ದ. ದಪ್ಪನೆಯ ದೇಹ, ತೆಳ್ಳನೆಯ ದನಿ. ಒಂದು ದಿನ ಬಾಗಿಲು ತೆರೆಯುತ್ತ, “ಅಮ್ಮಾವ್ರೇ, ಮೆಟ್ಟಿಲಿಗೆ ಮೊಳಕೆ ಬರ್ತದೆ ಅಂತ ಕಾಯ್ತಿದ್ದೀರಾ?” ಎಂದ. ಆಮೇಲೆ ಒಳಮೂಲೆಗೆ ಕರೆದೊಯ್ದು ಸೈಕಲ್ ತೋರಿಸಿದ. ಎಂದೋ ಹೊರಗಿನ ದೊಡ್ಡ ಕಚೇರಿಯಿಂದ ಬಂದದ್ದು. ನಮ್ಮೂರಿನಲ್ಲಿ ಸೈಕಲ್ಲನ್ನು ಹಿಂಡಿಯ ಮೂಟೆ ಹೇರಿ ತಳ್ಳಿಕೊಂಡು ಹೋಗುವುದುಂಟು, ಹತ್ತಿ ಕೂರುವುದಿಲ್ಲ. ಎರಡು ಕಾಲನ್ನೂ ಒಟ್ಟಿಗೆ ನೆಲದಿಂದ ಎತ್ತುವುದು ನಮ್ಮವರಿಗೆ ಎಂದೂ ಸರಿಬಂದಿಲ್ಲ. ಮನೆಯಿಂದ ಹೊರಟವರಿಗೆ ಹಿರಿಯರು ಹೇಳುವುದೇ “ಒಂದು ಕಾಲು ನೆಲದ ಮೇಲಿರಲಿ” ಎಂದು. ಪ್ರತಿ ಬೀದಿಯ ಎರಡೂ ಬಾಯಲ್ಲಿ ಮೆಟ್ಟುಗಲ್ಲಿದೆ. ದಾಟುವ ಮುನ್ನ ಎಡಗಾಲಿಂದ ಅದನ್ನು ಒಮ್ಮೆ ತಟ್ಟಬೇಕು. ನಡೆಯಲು ಕಲಿಯುವ ಮಗುವಿಗೆ ಮೊದಲು ಕಲಿಸುವುದು ಅದನ್ನೇ.

“ಇದರ ಮೇಲೆ ಕೂತರೆ ನಡಿಗೆಯ ಕಾಲುಭಾಗ ಹೊತ್ತೂ ಬೇಡ. ಬೆಳಕಾಗೋ ಹೊತ್ತಿಗೆ ಎದ್ದರೂ ಸಾಕು,” ಎಂದ ಮುದ್ದಯ್ಯ.

“ನಿಮಗೆ ಬರುತ್ತದೆಯೇ?”

“ನನಗೆ ಬೀಳೋದು ಬರ್ತದೆ. ಮಿಕ್ಕಿದ್ದು ನೀವು ಕಲೀಬೇಕು.”

ಹದಿನೈದು ಸಂಜೆ ಉಗ್ರಾಣದ ಅಂಗಳದಲ್ಲಿ ಬಿದ್ದೆ. ಹದಿನಾರನೆಯ ಸಂಜೆ ಬೀಳಲಿಲ್ಲ. ಮಾರನೆಯ ಬೆಳಿಗ್ಗೆ, ಮೂವತ್ತಾರು ವರ್ಷದ ನಾನು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಡಗಿ ಬೀದಿಯಿಂದ ಹೊರಟೆ. ಮೊದಲ ದಿನ ಪ್ರತಿ ಬೀದಿಯ ಬಾಯಲ್ಲೂ ಬ್ರೇಕು ಹಿಡಿದು, ಇಳಿದು, ಕಲ್ಲು ತಟ್ಟಿ, ಮತ್ತೆ ಹತ್ತಿದೆ. ಗಾಣದ ಮುಂದೆ ಬೂದಿ ಹಾಕಿ ಬಾಣಲೆ ತಿಕ್ಕುತ್ತಿದ್ದ ಪುಟ್ಟತಾಯಮ್ಮ ಪಕ್ಕದ ಮನೆಯವಳನ್ನು ಕೂಗಿ, “ನೋಡು ಬಾರೇ, ಇಂದುಮತಿ ಕೂತ್ಕೊಂಡು ನಡೀತಾಳೆ,” ಎಂದಳು. ಬೀದಿಯೆಲ್ಲ ನಕ್ಕಿತು. ಎರಡನೆಯ ವಾರದ ಹೊತ್ತಿಗೆ ನನ್ನ ಎಡಗಾಲು ಕಲ್ಲು ಕಂಡಾಗಲೆಲ್ಲ ಪೆಡಲಿನ ಮೇಲೇ ಮಿಡುಕುವುದನ್ನು ಕಲಿತಿತ್ತು, ಇಳಿಯುವುದನ್ನು ಬಿಟ್ಟಿತ್ತು.

ಅದರ ಸುಖವನ್ನು ಹೇಗೆ ಹೇಳಲಿ. ಅಲ್ಲಿಯವರೆಗೆ ಒಂದು ಬೀದಿಯೆಂದರೆ ನನಗೆ ಒಂದು ಇಡೀ ಭಯ. ಈಗ ಹೆರೆದ ಮರದ ವಾಸನೆ ಮುಗಿಯುವ ಮೊದಲೇ ಹುಚ್ಚೆಳ್ಳಿನ ವಾಸನೆ, ಅದು ಮೂಗಿನಲ್ಲಿರುವಾಗಲೇ ತೋಪಿನ ಒದ್ದೆ ಎಲೆ. ಕಂಕುಳಲ್ಲಿ ಗಾಳಿ ಹೊಕ್ಕು ರವಿಕೆಯ ತೋಳು ಉಬ್ಬುತ್ತಿತ್ತು. ಇಳಿಜಾರಿನಲ್ಲಿ ಪೆಡಲು ತುಳಿಯದೆ ಸುಮ್ಮನಿದ್ದರೂ ಜಗತ್ತು ಹಿಂದಕ್ಕೆ ಸರಿಯುತ್ತಿತ್ತು, ನಾನು ಏನೂ ಮಾಡದೆಯೇ ಎಲ್ಲವನ್ನೂ ಮಾಡುತ್ತಿರುವಂತೆ. ಉಗ್ರಾಣ ಬೇಗ ಬಂದುಬಿಡುತ್ತಿತ್ತು ಎಂಬುದೊಂದೇ ಬೇಸರ.

ಒಂಬತ್ತನೆಯ ದಿನ ಬಡಗಿ ಬೀದಿಯಲ್ಲೇ ಚೈನು ಕಳಚಿತು. ಕೈಯೆಲ್ಲ ಮಸಿ ಮಾಡಿಕೊಂಡು ಅದನ್ನು ಏರಿಸುವಷ್ಟರಲ್ಲಿ ಬಿಸಿಲು ಛಾವಣಿಗಳಿಂದ ಕೆಳಗಿಳಿದಿತ್ತು. ಕೊಂಬು ಇನ್ನೂ ಊದಿರಲಿಲ್ಲ. ಹಿಂದಿರುಗಬಹುದಿತ್ತು. ಬದಲಿಗೆ ಉಸಿರು ಬಿಗಿಹಿಡಿದು ತುಳಿದೆ. ಎಣ್ಣೆಗಾಣದ ಬೀದಿಯ ನಟ್ಟನಡುವೆ, ಅಕ್ಕನ ಅಂಗಡಿಗೆ ಹತ್ತು ಮಾರು ಇರುವಾಗ, ಕೊಂಬು ಊದಿತು.

ಬಾಣಲೆ ಹಿಡಿದ ಪುಟ್ಟತಾಯಮ್ಮ ಹಾಗೆಯೇ ನಿಂತಳು. ಗಾಣದ ಎತ್ತು ನಿಂತಿತು. ಕೊಂಬಿಗೆ ಎಲ್ಲರೂ ಇದ್ದಲ್ಲೇ ನಿಲ್ಲುವುದು ಊರಿನ ರೂಢಿ. ಆ ನಿಂತ ಬೀದಿಯಲ್ಲಿ ಚಲಿಸುತ್ತಿದ್ದದ್ದು ನನ್ನ ಎರಡು ಚಕ್ರ ಮಾತ್ರ. ಹಲಗೆ ಹಿಡಿದ ಅಕ್ಕನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಪಾದಗಳ ಮೇಲಿತ್ತು. ಮೂಡಣ ಕಲ್ಲು ಹತ್ತಿರವಾಯಿತು. ಅಲ್ಲಿ ಏನೋ ನನ್ನನ್ನು ಹಿಂದಕ್ಕೆ ಜಗ್ಗಬೇಕಾಗಿತ್ತು. ಜಗ್ಗಲಿಲ್ಲ. ನಾನು ದಾಟಿಹೋದೆ.

ಅಂದು ನಾನು ಯಾವ ಬೀದಿಗೂ ಸೇರಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ಹತ್ತಿ ಅಕ್ಕಸಾಲಿಗರ ಬೀದಿಗೆ ಹೋದೆ, ಅಲ್ಲಿಂದ ಹೂವಿನ ಬೀದಿಗೆ. ಹಗಲಿನಲ್ಲಿ ಆ ಬೀದಿಗಳನ್ನು ನಾನು ನೋಡಿಯೇ ಇರಲಿಲ್ಲ. ಜನ ಕೆಲಸ ಬಿಟ್ಟು ನನ್ನನ್ನು ನೋಡಿದರು, ಬೀಗ ಹಾಕಿದ ಮನೆಯೊಳಗಿಂದ ಯಾರೋ ಹೊರಬಂದರೆ ನೋಡುವಂತೆ. ಉಗ್ರಾಣಕ್ಕೆ ಮರಳಿದ ಮೇಲೂ ಕಾಲುಗಳು ಒಂದು ಕಡೆ ನಿಲ್ಲಲೊಲ್ಲವು.

ಆ ಸಂಜೆ ಅಕ್ಕ ಬೀದಿಯ ನಡುವೆ ಅಡ್ಡ ನಿಂತಿದ್ದಳು. ನಾನು ಬ್ರೇಕು ಹಿಡಿಯಲೇಬೇಕಾಯಿತು.

“ಹಿಂದೆ ಇರೋ ಈ ಕಬ್ಬಿಣದ ಹಲಗೆ ಯಾತಕ್ಕೇ?” ಎಂದಳು, ಕ್ಯಾರಿಯರನ್ನು ಬೆರಳಿನಿಂದ ತಟ್ಟಿ.

“ಬೀಜದ ಮೂಟೆಗೆ.”

“ನಾನು ಎಷ್ಟು ಮೂಟೆ ಭಾರ ಇರಬಹುದು?”

ಅವಳು ದನಿ ತಗ್ಗಿಸಿದಳು. “ಒಂದೇ ಒಂದು ಕೊಂಬಿಗೆ ನನ್ನ ಕಾಲು ಈ ನೆಲ ತಾಕದೆ ಇದ್ದರೆ ಸಾಕು, ಇಂದೂ. ಬಿಗಿ ತಪ್ಪುತ್ತೆ. ಹನ್ನೊಂದು ವರ್ಷದಿಂದ ಬೇರೆ ಏನನ್ನೂ ಯೋಚಿಸಿಲ್ಲ ನಾನು.”

ಲೆಕ್ಕ ಸರಳವಾಗಿತ್ತು. ಕೊಂಬು ಯಾವಾಗ ಊದುವುದೆಂದು ಯಾರಿಗೂ ತಿಳಿಯದು. ಆದ್ದರಿಂದ ಸೂರ್ಯ ಹುಟ್ಟಿದಾಗಿನಿಂದ ಕೊಂಬು ಊದುವವರೆಗೆ ಅವಳನ್ನು ಹಿಂದೆ ಕೂರಿಸಿಕೊಂಡು ಆ ಬೀದಿಯೊಳಗೇ ಸುತ್ತುತ್ತಿರಬೇಕು. ಮೊದಲೇ ಗಡಿ ದಾಟಲು ಹೋದರೆ ಏನಾದೀತೆಂದು ಪರೀಕ್ಷಿಸುವ ಧೈರ್ಯ ನಮಗಿರಲಿಲ್ಲ. ಚಕ್ರ ನಿಲ್ಲುವಂತಿಲ್ಲ, ನಿಂತ ಚಕ್ರವೂ ಕಾಲೇ. ನಾನು ಆಯ ತಪ್ಪಿ ಕಾಲು ಊರಿದಾಗ ಕೊಂಬು ಊದಿದರೆ ಅದು ನನ್ನ ಮೂರನೆಯ ಸಲ. ಅಕ್ಕನ ಪಕ್ಕದಲ್ಲಿ ಇನ್ನೊಂದು ಅಂಗಡಿ ಇಡಬೇಕಾಗುತ್ತಿತ್ತು. ಅವಳಿಗೆ ಬೇಕಾಗಿರುವುದು ಅದೇ ಆಗಿದ್ದರೆ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮುದ್ದಯ್ಯನ ಬಳಿ ಹೋದೆ.

ಅವನು ಮರುಮಾತಿಲ್ಲದೆ ಕ್ಯಾರಿಯರ್ ಮೇಲೆ ಕುಳಿತ. “ನಾನು ಮೂಟೆ ಅಂದ್ಕೊಳ್ಳಿ ಅಮ್ಮಾವ್ರೇ. ಮೂಟೆ ಮಾತಾಡಲ್ಲ,” ಎಂದವನು ಸುತ್ತಿನುದ್ದಕ್ಕೂ ಮಾತಾಡಿದ. “ಬಲಕ್ಕೆ ವಾಲಬೇಡಿ, ಮೂಟೆಗೆ ಭಯ ಆಗ್ತದೆ. ತಿರುವಿನಲ್ಲಿ ಉಸಿರು ಬಿಡಿ. ಮೂಟೆಗೂ ಸ್ವಲ್ಪ ಬಿಡೋಕೆ ಹೇಳಿ.” ಹತ್ತು ಹನ್ನೆರಡು ದಿನಗಳಲ್ಲಿ ನನ್ನ ತೊಡೆಗಳು ಗಟ್ಟಿಯಾದವು. ಅನುಮಾನ ಮಾತ್ರ ಕರಗಲಿಲ್ಲ.

ಇಪ್ಪತ್ತಮೂರನೆಯ ದಿನ ಬೆಳಕು ಹರಿಯುತ್ತಿದ್ದಂತೆ ಅಕ್ಕ ಕ್ಯಾರಿಯರ್ ಮೇಲೆ ಒಂದು ಕಡೆಗೆ ಕಾಲು ಹಾಕಿ ಕುಳಿತು, ನನ್ನ ಸೊಂಟ ಬಳಸಿ, ಎರಡೂ ಪಾದ ಮೇಲೆತ್ತಿದಳು. ನಾನು ಹೊರಟೆ. ಬೀದಿಯ ಉದ್ದ ಇನ್ನೂರು ಹೆಜ್ಜೆ. ಎರಡೂ ತುದಿಯಲ್ಲಿ ಕಲ್ಲು ಮುಟ್ಟದೆ ತಿರುಗಬೇಕು. ತಿರುಗುವಲ್ಲಿ ನೆಲ ತಲೆಮಾರುಗಳ ಎಣ್ಣೆ ಕುಡಿದು ಮಿರುಗುತ್ತಿತ್ತು. ಆ ಬೀದಿಯಲ್ಲಿ ಧೂಳೆಂಬುದೇ ಇಲ್ಲ, ಅಲ್ಲಿನವರ ಅಂಗಾಲು ಯಾವಾಗಲೂ ಜಿಡ್ಡು. ಮೂರನೆಯ ಸುತ್ತಿನಲ್ಲಿ ಹಿಂದಿನ ಚಕ್ರ ಜಾರಿತು. ಹೇಗೋ ಸಾವರಿಸಿಕೊಂಡೆ.

ಜನ ಬಾಗಿಲಿಗೆ ಬಂದರು. “ಅಕ್ಕ ತಂಗಿ ಗಾಣಕ್ಕೆ ಕಟ್ಟಿದ ಹಾಗೆ ಸುತ್ತುತ್ತಿದ್ದಾರಲ್ಲೇ,” ಎಂದಳು ಪುಟ್ಟತಾಯಮ್ಮ. “ಎಣ್ಣೆ ಎಷ್ಟು ಬಂತು ವಾರಿಜಾ?”

“ಇನ್ನೂ ಹಿಂಡ್ತಿದೀವಿ ಕಣಮ್ಮ,” ಎಂದಳು ಅಕ್ಕ.

ಎಂಟನೆಯ ಸುತ್ತಿನಲ್ಲಿ ನನ್ನ ಚಕ್ರ ಮತ್ತೆ ಜಾರಿದಾಗ ಪುಟ್ಟತಾಯಮ್ಮ ನಗಲಿಲ್ಲ. ಒಳಗೆ ಹೋದಳು. ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಒಲೆಯ ಬೂದಿಯನ್ನು ಮೊರದಲ್ಲಿ ತಂದು ತಿರುವಿನ ಮೇಲೆಲ್ಲ ಚೆಲ್ಲಿದ್ದಳು. ಪಕ್ಕದವಳು ಇನ್ನೊಂದು ತುದಿಗೆ ಕಡಲೆಕಾಯಿ ಸಿಪ್ಪೆ ಚೆಲ್ಲಿದಳು. ಆಮೇಲೆ ಕೇಳಿದ್ದು ಬರಿಯ ಚೈನಿನ ಸದ್ದು.

ಹದಿನಾಲ್ಕನೆಯ ಸುತ್ತಿಗೆ ತೊಡೆಗಳು ಉರಿಯತೊಡಗಿದವು. ಬಿಸಿಲು ಗಾಣದ ಮಾಡಿನವರೆಗೆ ಇಳಿದಿತ್ತು. ಬೆನ್ನ ಹಿಂದಿನಿಂದ ಅಕ್ಕ ಹೇಳಿದಳು, “ಇಂದೂ, ಒಂದು ವಿಷಯ ಇದೆ. ನೀನು ತಿರುಗಿ ನೋಡೋ ಹಾಗಿಲ್ಲ, ಅದಕ್ಕೇ ಈಗ ಹೇಳ್ತೀನಿ.”

“ಈಗ ಬೇಡ ಅಕ್ಕ.”

“ಮೊದಲನೇ ಸಲ ನಾನು ಬೇಕಂತ ಕರೆದಿರಲಿಲ್ಲ. ಆ ದಿನ ನೀನು ನನ್ನ ಮನೇಲಿದ್ದೆಯಲ್ಲ, ಊಟ ಮಾಡಿ ಗೋಡೆಗೆ ಒರಗಿ ನಿದ್ದೆ ಹೋದೆ. ಬಾಯಿ ತೆರೆದುಕೊಂಡು. ಚಿಕ್ಕವಳಿದ್ದಾಗಿನ ಹಾಗೆ.” ಸೈಕಲ್ ಒಂದು ತಿರುವು ತಿರುಗಿತು. “ಎರಡನೇ ಸಲ ಬೇಕಂತಲೇ ನಿಲ್ಲಿಸಿದೆ. ಕೊಂಬು ಇನ್ನೂ ಊದಿಲ್ಲ ಅಂತ ಗೊತ್ತಿತ್ತು. ಮಾತು ಎಳೆದೆ.”

ಹ್ಯಾಂಡಲ್ಲು ನನ್ನ ಕೈಯಲ್ಲಿ ಓಲಾಡಿತು. ಏಳು ತಿಂಗಳ ಮುಂಜಾವುಗಳೆಲ್ಲ ಒಮ್ಮೆಗೇ ಕಾಲುಗಳಿಗೆ ಇಳಿದವು. ಬ್ರೇಕು ಹಿಡಿದು, ಇಳಿದು, ಅವಳನ್ನು ಅಲ್ಲೇ ಬಿಟ್ಟು ನಡೆದುಬಿಡಬೇಕೆನಿಸಿತು. ಆದರೆ ಇಳಿಯುವುದೆಂದರೆ ಕಾಲು ಊರುವುದು. ನಾನು ತುಳಿದೆ.

“ಮೂರನೆಯ ಸಲ?” ಎಂದೆ, ಮುಂದಕ್ಕೆ ನೋಡುತ್ತ.

“ಮೂರನೇ ಸಲಕ್ಕೆ ನೀನು ನಿಲ್ಲಲೇ ಇಲ್ಲವಲ್ಲ.”

“ನಿಂತಿದ್ದರೆ?”

ಒಂದು ಇಡೀ ಸುತ್ತು ಕಳೆಯಿತು. “ಮಾತು ಎಳೀತಿದ್ದೆ,” ಎಂದಳು ಅಕ್ಕ.

ಆ ಮೇಲಿನ ಸುತ್ತುಗಳನ್ನು ನಾನು ಎಣಿಸಲಿಲ್ಲ. ಸಿಟ್ಟಿನಿಂದ ತುಳಿದೆನೋ, ಅವಳು ಸುಳ್ಳು ಹೇಳಲಿಲ್ಲವೆಂಬ ನಿರಾಳದಿಂದಲೋ, ಇಂದಿಗೂ ಬಿಡಿಸಿ ಹೇಳಲಾರೆ. “ಎಣ್ಣೆಗೆ ನಾನು ಹೋಗಬೇಕಿತ್ತು. ತಲೆನೋವು ಸುಳ್ಳು,” ಎಂದು ಎಲ್ಲೋ ಒಂದು ತಿರುವಿನಲ್ಲಿ ನನ್ನ ಬಾಯಿಂದಲೂ ಬಂತು. “ಗೊತ್ತು. ನಿನಗೆ ತಲೆನೋವು ಬಂದರೆ ನೀನು ಮಲಗೋಳಲ್ಲ, ಜಗಳ ಆಡೋಳು,” ಎಂದಳು ಅವಳು.

ಮೂಡಣ ತುದಿಗೆ ಇಪ್ಪತ್ತು ಹೆಜ್ಜೆ ಇರುವಾಗ ಕೊಂಬು ಊದಿತು.

ಬಾಗಿಲುಗಳಲ್ಲಿದ್ದವರು ಶಿಲೆಗಳಾದರು. ಕೊಂಬು ಮುಗಿಯುವವರೆಗೆ ಬೀದಿಯೊಳಗೇ ಸುತ್ತುವುದೆಂದು ನಾವು ಮಾತಾಡಿಕೊಂಡಿದ್ದೆವು. ಆದರೆ ಬೂದಿಯೆಲ್ಲ ಚಕ್ರಕ್ಕೆ ಹತ್ತಿ ಹೋಗಿ ನೆಲ ಮತ್ತೆ ಮಿರುಗುತ್ತಿರುವುದು ಕಂಡಿತು. ಈಗ ತಿರುಗಿದರೆ ಬೀಳುವುದು ಖಂಡಿತ. ಹ್ಯಾಂಡಲ್ಲು ನೇರ ಹಿಡಿದೆ. “ಕಾಲು ಎತ್ತು ಅಕ್ಕ,” ಎಂದೆ.

“ಎತ್ತೇ ಇದೀನಿ.”

ಕೊಂಬು ಇನ್ನೂ ಮೊಳಗುತ್ತಿತ್ತು. ಮೆಟ್ಟುಗಲ್ಲು ನಮ್ಮ ಎಡಕ್ಕೆ ಬಂತು. ಪೆಡಲಿನ ಮೇಲೆ ನನ್ನ ಎಡಗಾಲು ಎಂದಿನಂತೆ ಮಿಡುಕಿತು. ಹಲ್ಲು ಕಚ್ಚಿ ಅದನ್ನು ಒತ್ತಿಹಿಡಿದೆ. ನನ್ನ ಕಾಲಿಗೆ ಅದನ್ನು ಕಲಿಸಲು ಒಂದು ವಾರಕ್ಕೂ ಹೆಚ್ಚು ಹಿಡಿದಿತ್ತು. ಅಕ್ಕನ ಕಾಲಿಗೆ ಯಾರೂ ಕಲಿಸಿರಲಿಲ್ಲ. ಹನ್ನೊಂದು ವರ್ಷ ಒಂದು ಗಡಿಯನ್ನೂ ದಾಟದವಳು, ದಾಟುವ ಕ್ಷಣ ಬಂದಾಗ, ಮಗುವಾಗಿದ್ದಾಗ ಕಲಿತದ್ದನ್ನೇ ಮಾಡಿದಳು. ಅವಳ ಎಡಗಾಲು ತಾನಾಗಿ ಕೆಳಗಿಳಿದು ಕಲ್ಲನ್ನು ತಟ್ಟಿತು.

ಸೈಕಲ್ಲಿಗೆ ಹಿಂದಿನಿಂದ ಯಾರೋ ಹಗ್ಗ ಹಾಕಿ ಎಳೆದಂತಾಯಿತು. ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಅಕ್ಕನ ಎರಡೂ ತೋಳು ನನ್ನ ಹೊಟ್ಟೆಯನ್ನು ಉಸಿರುಕಟ್ಟುವಂತೆ ಬಿಗಿದವು. ನಾನು ಸೀಟಿನಿಂದ ಎದ್ದು ನನ್ನ ಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದೆ. ಒಂದು ಕ್ಷಣ ನಾವು ಹೋಗುತ್ತಲೂ ಇರಲಿಲ್ಲ, ನಿಂತಿರಲೂ ಇಲ್ಲ. ಆಮೇಲೆ ಜಿಡ್ಡಿನಲ್ಲಿ ಏನೋ ಜಾರಿದ ಮೆತ್ತನೆಯ ಸದ್ದು ಕೇಳಿತು. ಎಳೆತ ತಟ್ಟನೆ ತಪ್ಪಿ, ಸೈಕಲ್ ಬಾಣದಂತೆ ಮುಂದಕ್ಕೆ ಹಾರಿತು. ಹನ್ನೊಂದು ವರ್ಷದ ಎಣ್ಣೆ ಅವಳ ಹಿಮ್ಮಡಿಯನ್ನು ಚಪ್ಪಲಿಯಿಂದ ಬಿಡಿಸಿಕೊಟ್ಟಿತ್ತು. ಕಲ್ಲು ಚಪ್ಪಲಿಯನ್ನು ಇಟ್ಟುಕೊಂಡಿತು, ಕಾಲನ್ನು ಬಿಟ್ಟಿತು.

ಕೊಂಬು ನಿಂತಿತು. ನಾವು ತೋಪಿನ ಕಡೆಯ ಇಳಿಜಾರಿನಲ್ಲಿದ್ದೆವು. ಹಿಂದೆ ಪುಟ್ಟತಾಯಮ್ಮ ಬಾಣಲೆಗೆ ಸೌಟಿನಿಂದ ಬಡಿಯುತ್ತಿರುವುದು ಕೇಳಿಸುತ್ತಿತ್ತು. ನಾನು ಪೆಡಲು ತುಳಿಯದೆ ಹಾಗೆಯೇ ಬಿಟ್ಟೆ. ಮರಗಳು ಹಿಂದಕ್ಕೆ ಸರಿದವು. ಉಗ್ರಾಣದ ಬಾಗಿಲಲ್ಲಿ ಮುದ್ದಯ್ಯ ಬೀಗದಕೈ ಹಿಡಿದು ನಿಂತಿದ್ದ. ಒಂದೇ ಚಪ್ಪಲಿಯ ಅಕ್ಕನನ್ನು ನೋಡಿ, “ಗೋಣಿಗೆ ನೀರು ನಾನು ಚಿಮುಕಿಸ್ತೀನಿ, ನೀವು ಹೋಗಿ,” ಎಂದ. ನಿಲ್ಲದೆ ದಾಟಿದೆವು. ಇಂದು ನಾವಿಬ್ಬರೂ ಯಾವ ಬೀದಿಗೂ ಸೇರಿದವರಲ್ಲವೆಂದು ಅಕ್ಕನಿಗೆ ಹೇಳಿದೆ. ಅವಳ ಉಸಿರು ನನ್ನ ಬೆನ್ನಿಗೆ ಬಿಸಿಯಾಗಿ ತಾಗುತ್ತಿತ್ತು.

ತೋಪಿನ ಕೊನೆಯಲ್ಲಿ, ಹೂವಿನ ಬೀದಿ ತೊಡಗುವ ಬಯಲಿನಲ್ಲಿ, ಅವಳು ನನ್ನ ಸೆರಗು ಜಗ್ಗಿದಳು.

“ಇಂದೂ,” ಎಂದಳು. “ಒಂದು ನಿಮಿಷ.”

ಆ ಮಾತಿಗೆ ನಾನು ನಿಂತು ಏಳು ತಿಂಗಳ ಮೇಲಾಗಿತ್ತು. ಬ್ರೇಕು ಹಿಡಿದೆ. ಸೈಕಲ್ ನಿಂತಿತು. ಎರಡೂ ಕಾಲು ನೆಲಕ್ಕೆ ಊರಿ, ಹ್ಯಾಂಡಲ್ಲನ್ನು ಅಲುಗದಂತೆ ಹಿಡಿದುಕೊಂಡೆ.

ಅಕ್ಕ ಬರಿಗಾಲನ್ನು ಮೆಲ್ಲನೆ ಇಳಿಸಿದಳು. ಬೆರಳ ತುದಿ ನೆಲಕ್ಕೆ ತಾಗಿದ್ದೇ ಸರಕ್ಕನೆ ಮೇಲೆಳೆದುಕೊಂಡಳು. ಮತ್ತೆ ಇಳಿಸಿದಳು. ಈ ಸಲ ಪೂರ್ತಿ ಊರಿದಳು. ಆಮೇಲೆ ಎತ್ತಿ, ಅಂಗಾಲನ್ನು ತಿರುಗಿಸಿ ನೋಡಿಕೊಂಡಳು. ಜಿಡ್ಡಿನ ಮೇಲೆ ಕೆಂಪಗೆ ಮೆತ್ತಿಕೊಂಡಿತ್ತು.

“ಧೂಳು ಕಣೇ,” ಎಂದಳು.